ಪರದೆ ಬಂತು, ಮೇಷ್ಟ್ರು ಎಲ್ಲಿ?

1975ರ ಆಗಸ್ಟ್ 1ರಂದು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಶುರುವಾಯಿತು. ಆಗ ಬೆಂಗಳೂರಿನಲ್ಲೇ ಟಿವಿ ಇರಲಿಲ್ಲ! ಅಮೆರಿಕದ ನಾಸಾ ಒಂದು ವರ್ಷಕ್ಕೆ ಎರವಲು ಕೊಟ್ಟ ಎಟಿಎಸ್-6 ಉಪಗ್ರಹ ಬಳಸಿ ಇಸ್ರೋ ನಡೆಸಿದ ಪ್ರಯೋಗವದು. ಹೆಸರು 'ಸೈಟ್'. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ದೊಡ್ಡ ಆಂಟೆನಾ. ಬೆಳಗ್ಗೆ ಶಾಲಾ ಮಕ್ಕಳಿಗಾಗಿ ಅವರವರ ಭಾಷೆಯಲ್ಲಿ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ.

ಪೆಟ್ಟಿಗೆ ಮಾತಾಡುತ್ತಿತ್ತು, ಮಕ್ಕಳು ಕೇಳುತ್ತಿದ್ದರು. ತಿರುಗಿ ಪ್ರಶ್ನೆ ಕೇಳೋಣ ಅಂದರೆ ದಾರಿ ಇರಲಿಲ್ಲ. ಆದರೆ ಅದೇ ವರ್ಷ ಇನ್ನೊಂದು ಕೆಲಸವೂ ನಡೆಯಿತು, ಅದನ್ನು ನೆನೆಯುವವರು ಕಡಿಮೆ. ರಜೆಯಲ್ಲಿ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿ ಕೊಟ್ಟರು. ಟಿವಿ, ರೇಡಿಯೋ, ಅಚ್ಚಿನ ಪಾಠ, ಜೊತೆಗೆ ಕೈಯಾರೆ ಮಾಡುವ ಪ್ರಯೋಗ. ಸೈಟ್‌ನಿಂದ ನಾವು ಕಲಿಯಬೇಕಿದ್ದ ಪಾಠ ಇದೇ ಎಂದು ನನಗನ್ನಿಸುತ್ತದೆ. ಯಂತ್ರ ಮೇಷ್ಟ್ರ ಕೈಗೆ ಸಿಕ್ಕರಷ್ಟೇ ತರಗತಿಗೆ ಒದಗುತ್ತದೆ.

ಹಾಗೆ ನೋಡಿದರೆ ನಮ್ಮ ರಾಜ್ಯದ ದೊಡ್ಡ ಹೊಸ ವಿಚಾರಕ್ಕೆ ಕರೆಂಟೇ ಬೇಕಿರಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಹಳ್ಳಿ ಶಾಲೆಗಳನ್ನು ನೋಡಿ ಬಂದು 'ನಲಿ ಕಲಿ' ಎಂಬ ಕಲಿಕೆಯ ಪದ್ಧತಿ ಕಟ್ಟಿದರು. ಕಾರ್ಡುಗಳು, ಕಲಿಕಾ ಏಣಿ, ಗುಂಪಿನಲ್ಲಿ ಕೂತು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುವ ಮಗು. 2009-10ರಲ್ಲಿ ಅದು ಇಡೀ ರಾಜ್ಯಕ್ಕೆ ಹಬ್ಬಿತು.

ಕಂಪ್ಯೂಟರ್ ಬಂದದ್ದು ಬೇರೆ ರೀತಿ. 2001ರ ಸುಮಾರಿಗೆ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಲ್ಯಾಬ್ ಬಂತು. ಕಲಿಸುವ ಕೆಲಸ ಹೊರಗಿನ ಕಂಪನಿಗಳ ಪಾಲಾಯಿತು. ಕಂಪ್ಯೂಟರ್ ಒಂದು ಬೇರೆ ವಿಷಯವಾಗಿ ಉಳಿಯಿತೇ ಹೊರತು ಗಣಿತ, ವಿಜ್ಞಾನದ ಪಾಠದೊಳಗೆ ಸೇರಲಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಮಾಡಿದ ಇಸ್ರೋ ಉಪಗ್ರಹ ಎಜುಸ್ಯಾಟ್ ಹಾರಿತು. ಚಾಮರಾಜನಗರದ ಶಾಲೆಗಳಲ್ಲಿ ಮತ್ತೆ ಉಪಗ್ರಹ ಪಾಠ.

ಇಂಟರ್ನೆಟ್ ಬಂದಾಗ ಮೊದಲ ಗೋಡೆ ಭಾಷೆಯದ್ದು. ಬೇರೆಬೇರೆ ಫಾಂಟ್‌ಗಳ ಕಾಲದಲ್ಲಿ ಒಬ್ಬರು ಟೈಪ್ ಮಾಡಿದ ಪಾಠ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಗೀಚುಗೀಚಾಗಿ ಕಾಣುತ್ತಿತ್ತು. ಎಲ್ಲ ಕಂಪ್ಯೂಟರಿಗೂ ಅಕ್ಷರಗಳ ಒಂದೇ ಸಂಕೇತ ಕೊಟ್ಟ ಯೂನಿಕೋಡ್ ಆ ಗೋಡೆ ಒಡೆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಸುಮಾರು ಹತ್ತು ವರ್ಷದ ನಂತರ ರಾಜ್ಯ ಸರ್ಕಾರದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಐಟಿ ಫಾರ್ ಚೇಂಜ್ ಸೇರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣ ತೆರೆದವು. ಇಲ್ಲಿ ಪಾಠ ಬರೆಯುವವರು ಸರ್ಕಾರಿ ಶಾಲೆಯ ಶಿಕ್ಷಕರೇ. ಬೇರೆಯವರು ಅದನ್ನು ತಿದ್ದಬಹುದು, ತಮ್ಮೂರಿಗೆ ಹೊಂದಿಸಿಕೊಳ್ಳಬಹುದು. ಗಣಿತದವರು ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶ ಕಲಿತರು. ತ್ರಿಭುಜದ ಒಂದು ತುದಿ ಹಿಡಿದು ಎಳೆದರೆ ಆಕಾರ ಬದಲಾಗುತ್ತೆ, ಮೂರು ಕೋನಗಳ ಮೊತ್ತ ಮಾತ್ರ 180 ಡಿಗ್ರಿಯೇ. ಬೋರ್ಡಿನ ಮೇಲೆ ಇದನ್ನು ತೋರಿಸೋದು ಕಷ್ಟ ಅಲ್ವಾ?

2017ರಲ್ಲಿ ಕೇಂದ್ರ ಸರ್ಕಾರದ ಡಿಜಿಟಲ್ ಪಾಠಗಳ ತಾಣ 'ದೀಕ್ಷಾ' ಬಂತು. ಮುಂದೆ ಅದರ ಪಾಠ ಮೊಬೈಲಿನಲ್ಲಿ ತೆರೆಯಲು ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಸೇರಿತು.

2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ನಾವು ಮತ್ತೆ ಟಿವಿಗೇ ಮರಳಿದೆವು. ಚಂದನದಲ್ಲಿ 'ಸಂವೇದ' ಪಾಠಗಳು ಶುರುವಾದವು. ಜೊತೆಗೆ 'ವಿದ್ಯಾಗಮ' ಬಂತು: ಶಿಕ್ಷಕರೇ ಊರೂರಿಗೆ ಹೋಗಿ ಮರದಡಿ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಟಿವಿ ಪಾಠದಲ್ಲಿ ತಿಳಿಯದ್ದನ್ನು ಮಕ್ಕಳು ಅಲ್ಲಿ ಕೇಳಬಹುದಿತ್ತು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದಾಗ ಎಷ್ಟೋ ಮಕ್ಕಳಿಗೆ ಉಳಿದದ್ದು ಪರದೆಯಷ್ಟೇ. ಟಿವಿ, ಮೊಬೈಲ್ ಇಲ್ಲದ ಮನೆಗಳಲ್ಲಿ ಅದೂ ಇರಲಿಲ್ಲ.