ಕಾಡಿನ ಸದ್ದು ರೆಕಾರ್ಡ್ ಮಾಡಿದ್ರೆ ಬರೀ ‘ಸ್ಸ್’ ಅಂತ ಕೇಳ್ಸುತ್ತೆ, ಹಿಸ್ ಇಲ್ಲದ ರೆಕಾರ್ಡರ್ ಯಾವ್ದು?

ಎಲ್ರೂ ರೆಕಾರ್ಡರ್ ಹೆಸರೇ ಕೇಳ್ತಾರೆ, ಆದ್ರೆ ಆ ಹಿಸ್ ಹೆಚ್ಚಾಗಿ ಹುಟ್ಟೋದು ಮೈಕ್‌ನಲ್ಲಿ. ಸಣ್ಣ ರೆಕಾರ್ಡರ್‌ಗಳ ತಲೆ ಮೇಲಿರೋ ಮೈಕ್ ಭಾಷಣಕ್ಕೆ, ಹಾಡಿಗೆ ಸಾಕು, ಮಲೆನಾಡಿನ ಮಳೆಗಾಲದ ರಾತ್ರಿ ಕಪ್ಪೆ ಜೀರುಂಡೆಗೂ ಸಾಕು, ಅವು ಅಷ್ಟು ಜೋರಾಗಿ ಕೂಗ್ತವೆ. ಚಳಿಗಾಲದ ಬೆಳಗಿನ ಜಾವ ಎಲೆಯಿಂದ ಇಬ್ಬನಿ ತೊಟ್ಟಿಕ್ಕೋದು, ದೂರದ ಗುಡ್ಡದಲ್ಲಿ ಒಂಟಿ ಹಕ್ಕಿ ಕೂಗೋದು ಹಿಡೀಬೇಕು ಅಂದ್ರೆ ಗೇನ್, ಅಂದ್ರೆ ರೆಕಾರ್ಡರ್ ಸದ್ದನ್ನ ಎಷ್ಟು ದೊಡ್ಡದು ಮಾಡುತ್ತೆ ಅನ್ನೋದನ್ನ, ಏರಿಸ್ಲೇಬೇಕು, ಏರಿಸಿದ್ರೆ ಮೈಕ್‌ನ ಸ್ವಂತ ಸದ್ದೂ ಜೊತೆಗೇ ಏರುತ್ತೆ.

ಹಾಗಾಗಿ ಮೊದ್ಲು ನೋಡ್ಬೇಕಾದ್ದು ಮೈಕ್‌ನ ಸೆಲ್ಫ್ ನಾಯ್ಸ್, ಅಂದ್ರೆ ಈ ಸ್ವಂತ ಸದ್ದು, ಕಮ್ಮಿ ಇದ್ದಷ್ಟೂ ಒಳ್ಳೇದು. ರೋಡ್ ಎನ್‌ಟಿ1 ಅನ್ನೋ ಸ್ಟುಡಿಯೋ ಮೈಕ್‌ದು 4–5 ಡಿಬಿಎ (ಕಿವಿಗೆ ಕೇಳೋ ಲೆಕ್ಕದ ಡೆಸಿಬಲ್) ಅಷ್ಟೇ, ಆದ್ರೆ ದೊಡ್ಡದು, ಕೇಬಲ್ ಮೂಲಕವೇ ಮೈಕ್‌ಗೆ ಹೋಗೋ 48 ವೋಲ್ಟ್ ಕರೆಂಟ್, ಅಂದ್ರೆ ಫ್ಯಾಂಟಮ್ ಪವರ್ ಬೇಕು. ಪ್ರೈಮೊ ಇಎಂ272 ಅನ್ನೋ ಪುಟ್ಟ ಕ್ಯಾಪ್ಸೂಲ್‌ದು 14 ಡಿಬಿಎ, ಪ್ಲಗ್-ಇನ್ ಪವರ್ (ಸಣ್ಣ ಮೈಕ್ ಜಾಕ್‌ನಲ್ಲೇ ಬರೋ ಕೆಲವೇ ವೋಲ್ಟ್) ಇರೋ ರೆಕಾರ್ಡರ್‌ಗೆ ನೇರ ಹಾಕ್ಬೋದು, ಸೆನ್ಸಿಟಿವಿಟಿ ಜಾಸ್ತಿ ಇರೋದ್ರಿಂದ ರೆಕಾರ್ಡರ್ ಒಳಗೆ ಸದ್ದು ಏರಿಸೋ ಪ್ರೀಆಂಪ್‌ಗೆ ಹೆಚ್ಚು ಕೆಲ್ಸಾನೇ ಇರಲ್ಲ.

ರೆಕಾರ್ಡರ್‌ದು ಆಮೇಲೆ. ಅದ್ರ ಸ್ಪೆಕ್ಸ್‌ನಲ್ಲಿ ಇಐಎನ್ ಅಂತ, ಅಂದ್ರೆ ಪ್ರೀಆಂಪ್ ತಾನೇ ಸೇರಿಸೋ ಹಿಸ್ ಎಷ್ಟು ಅನ್ನೋ ಮೈನಸ್ ನಂಬರ್ ಇರುತ್ತೆ, ಸೊನ್ನೆಯಿಂದ ದೂರ ಹೋದಷ್ಟೂ ಒಳ್ಳೇದು. ಝೂಮ್ ಕಂಪನಿಯ ಎಚ್5 ರೆಕಾರ್ಡರ್‌ದು -120 ಡಿಬಿಯು (ವಿದ್ಯುತ್ ಸಿಗ್ನಲ್ ಮಟ್ಟದ ಅಳತೆ), ಅದೇ ಕಂಪನಿಯ ಎಫ್3ದು -127. ಇಎಂ272 ತರದ ಮೈಕ್ ಹಾಕಿದ್ರೆ ಈ ವ್ಯತ್ಯಾಸ ಕಿವಿಗೆ ಅಷ್ಟಾಗಿ ಗೊತ್ತಾಗಲ್ಲ, ಔಟ್‌ಪುಟ್ ಕಮ್ಮಿ ಇರೋ ಡೈನಾಮಿಕ್ ಮೈಕ್ ಹಾಕಿದ್ರೆ ಚೆನ್ನಾಗೇ ಗೊತ್ತಾಗುತ್ತೆ. ಇನ್ನು 32-ಬಿಟ್ ಫ್ಲೋಟ್ ಅನ್ನೋ ರೆಕಾರ್ಡಿಂಗ್ ವಿಧಾನ ಇದ್ರೆ ಹಿಸ್ ಹೋಗುತ್ತೆ ಅಂತ ನಂಬಿ ದುಡ್ಡು ಹಾಕ್ಬೇಡಿ ದಯವಿಟ್ಟು. ಗುಡುಗು ಬಂದಾಗ ಲೆವೆಲ್ ಒಡೆದು ರೆಕಾರ್ಡಿಂಗ್ ಹಾಳಾಗೋದನ್ನ ಅದು ತಪ್ಪಿಸುತ್ತೆ, ಮೈಕ್‌ನಲ್ಲೇ ಹುಟ್ಟಿದ ಹಿಸ್ ಅದ್ರಲ್ಲೂ ಹಾಗೇ ಇರುತ್ತೆ.

ನನ್ನ ಕೇಳಿದ್ರೆ ಪ್ಲಗ್-ಇನ್ ಪವರ್ ಇರೋ ಸಾಧಾರಣ ರೆಕಾರ್ಡರ್ ತಗೊಂಡು ಉಳಿದ ದುಡ್ಡು ಒಂದು ಜೊತೆ ಇಎಂ272ಗೆ, ಒಳ್ಳೇ ತುಪ್ಪಳದ ವಿಂಡ್ ಕವರ್‌ಗೆ ಹಾಕಿ. ಎಫ್3 ತಗೊಂಡ್ರೆ ನೆನಪಿರ್ಲಿ, ಅದ್ರಲ್ಲಿ ಮೈಕೇ ಇಲ್ಲ, ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದೊಡ್ಡ ಮೈಕ್ ಪ್ಲಗ್) ಇನ್‌ಪುಟ್ ಮಾತ್ರ, ಇಎಂ272 ಹಾಕೋಕೆ ಫ್ಯಾಂಟಮ್ ಪವರ್ ಇಳಿಸೋ ಅಡಾಪ್ಟರ್ ಬೇಕು. ಸೋನಿ ಪಿಸಿಎಂ-ಎಂ10, ಡಿ100 ರೆಕಾರ್ಡರ್‌ಗಳು ತುಂಬಾ ಸೈಲೆಂಟ್ ಅಂತ ಹೆಸರು ಮಾಡಿದ್ವು, ಈಗ ತಯಾರಾಗ್ತಿಲ್ಲ, ಸೆಕೆಂಡ್ ಹ್ಯಾಂಡ್ ಸಿಕ್ರೆ ನೋಡಿ. ಘಟ್ಟದ ಕಡೆ ತೇವ ಜಾಸ್ತಿ, ಎನ್‌ಟಿ1, ಇಎಂ272 ತರದ ಕಂಡೆನ್ಸರ್ ಮೈಕ್ ಚಟಪಟ ಅನ್ನೋಕೆ ಶುರು ಮಾಡುತ್ತೆ, ಬ್ಯಾಗಲ್ಲಿ ಸಿಲಿಕಾ ಜೆಲ್ ಇರ್ಲಿ. ಬಯಲಲ್ಲಿ ಸದ್ದಿಗೆ ಇರೋ ದೂರ ಅರ್ಧ ಆದ್ರೆ ಸುಮಾರು 6 ಡೆಸಿಬಲ್ ಬಿಟ್ಟಿ ಸಿಗುತ್ತೆ, ಹಕ್ಕಿಗೆ ತೊಂದ್ರೆ ಆಗ್ದಿದ್ರೆ ಹತ್ರ ಹೋಗೋದೇ ಒಳ್ಳೇದು.

ಗೆಳೆಯರ ಹತ್ರ ಎರಡು ರೆಕಾರ್ಡರ್ ಸಿಕ್ರೆ ರಾತ್ರಿ ಫ್ಯಾನು ಫ್ರಿಜ್ಜು ಆಫ್ ಮಾಡಿ, ಟಿಕ್ ಟಿಕ್ ಅನ್ನೋ ಗಡಿಯಾರದಿಂದ ಒಂದೇ ದೂರದಲ್ಲಿ ಎರಡನ್ನೂ ಇಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಎರಡರಲ್ಲೂ ಟಿಕ್ ಸದ್ದು ಒಂದೇ ಲೆವೆಲ್‌ಗೆ ತಂದು ಹೆಡ್‌ಫೋನ್ ಹಾಕಿ ಕೇಳಿ, ಯಾವುದ್ರಲ್ಲಿ ಹಿಸ್ ಕಮ್ಮಿ ಇದೆಯೋ ಅದನ್ನ ತಗೊಳ್ಳಿ.