ಪದ ಪರಿಚಯ: ಲೋಹವಿರಳ ನಕ್ಷತ್ರ

‘ಲೋಹಹೀನ ನಕ್ಷತ್ರ’ ಎಂಬ ಪ್ರಯೋಗವನ್ನು ಕಳೆದ ವಾರ ಮತ್ತೊಮ್ಮೆ ಕಂಡೆ, ಈ ಬಾರಿ ಚಿಕ್ಕಮಗಳೂರಿನ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನದ ಫಲಕದಲ್ಲಿ. ಮಕ್ಕಳನ್ನು ದೂರುವಂತಿಲ್ಲ, ಹಿರಿಯರು ಬರೆದದ್ದನ್ನೇ ಅವರು ನಂಬಿ ನಕಲು ಮಾಡಿದ್ದರು. ಆದರೆ ಆಕಾಶಗಂಗೆಯ ಬಾಲ್ಯವನ್ನು ತಿಳಿಯಲು ಖಗೋಳವಿಜ್ಞಾನಿಗಳು ಹುಡುಕುವ ಪುರಾತನ ನಕ್ಷತ್ರಗಳಲ್ಲಿ ಲೋಹ ಇದೆ, ಅತ್ಯಲ್ಪವಾಗಿ ಇದೆ, ಮತ್ತು ಅಧ್ಯಯನವೆಲ್ಲ ನಿಂತಿರುವುದು ಆ ಅತ್ಯಲ್ಪದ ಮೇಲೆಯೇ.

ಮೊದಲು ‘ಲೋಹ’. ಖಗೋಳವಿಜ್ಞಾನದಲ್ಲಿ ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದ ಧಾತುಗಳೆಲ್ಲವೂ ಲೋಹಗಳೇ. ನಾವು ಉಸಿರಾಡುವ ಆಮ್ಲಜನಕವೂ ಲೋಹ, ಇದ್ದಿಲಿನ ಇಂಗಾಲವೂ ಲೋಹ. ಇದನ್ನು ಕೇಳಿ ಮೂಗು ಮುರಿಯುವವರು ಈ ಪದದ ಹಿಂದಿನ ನಡೆಯನ್ನು ನೋಡಬೇಕು. ಸಂಸ್ಕೃತದ ‘ಲೋಹ’ಕ್ಕೆ ಮೊದಲಿದ್ದ ಅರ್ಥ ಕೆಂಪು, ಆ ಬಣ್ಣದಿಂದ ಅದು ತಾಮ್ರಕ್ಕೆ ಹೆಸರಾಯಿತು, ಆಮೇಲೆ ಕಬ್ಬಿಣಕ್ಕೆ, ಕೊನೆಗೆ ಪಂಚಲೋಹದ ಐದಕ್ಕೂ. ನಮ್ಮ ‘ಹೊನ್ನು’ ಕೂಡ ಹೀಗೆಯೇ: ಇಂದು ಅದು ಬಂಗಾರ ಮಾತ್ರ, ಆದರೆ ‘ಕಬ್ಬಿಣ’ವನ್ನು ಬಿಡಿಸಿದರೆ ಸಿಗುವ ಕರಿಯ ‘ಪೊನ್’ನಲ್ಲಿ ಅದಕ್ಕೆ ಲೋಹವೆಂಬ ಅರ್ಥವೇ ಇದೆ. ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿ ಕೆಂಪೂ ಕಬ್ಬಿಣವೂ ಒಟ್ಟಿಗೇ ಇರುವುದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಇನ್ನೊಂದು ನಂಟು ನನಗೆ ಬಹಳ ಪ್ರಿಯವಾದದ್ದು. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ದೊರೆಯುವ ಪಟ್ಟಿಗೆ ಕನ್ನಡದಲ್ಲಿ ‘ರೋಹಿತ’ ಎನ್ನುತ್ತೇವೆ, ಈ ರೋಹಿತವೇ ‘ಲೋಹಿತ’, ಅದೂ ಕೆಂಪೇ. ನಕ್ಷತ್ರದ ಲೋಹವನ್ನು ಅದರ ರೋಹಿತದ ಕಪ್ಪು ಗೆರೆಗಳಲ್ಲಿ ಓದುತ್ತಾರೆ ಎಂದಾಗ ಒಂದೇ ಬೇರಿನ ಎರಡು ಪದಗಳು ಮತ್ತೆ ಒಂದು ವಾಕ್ಯದಲ್ಲಿ ಕೂಡುತ್ತವೆ.

ಇನ್ನು ‘ಹೀನ’. ರಕ್ತಹೀನತೆ ಎಂದರೆ ರಕ್ತವೇ ಇಲ್ಲವೆಂದು ಅರ್ಥವೇ, ಹಾಗೆಯೇ ಇದೂ ನಡೆಯಲಿ ಬಿಡಿ ಎನ್ನುವವರಿದ್ದಾರೆ. ನಡೆಯುವುದಿಲ್ಲ. ರಕ್ತವೇ ಇಲ್ಲದೆ ಬದುಕಿರುವ ಮನುಷ್ಯನಿಗೆ ಬೇರೆ ಹೆಸರು ಹುಡುಕುವ ಪ್ರಸಂಗ ಯಾವ ವೈದ್ಯನಿಗೂ ಬರುವುದಿಲ್ಲ. ಇಲ್ಲಿ ಬರುತ್ತದೆ. ಮಹಾಸ್ಫೋಟದಿಂದ ದೊರೆತದ್ದು ಹೈಡ್ರೋಜನ್, ಹೀಲಿಯಂ ಮತ್ತು ತೀರ ಸ್ವಲ್ಪ ಲಿಥಿಯಂ ಮಾತ್ರ. ಅಷ್ಟರಿಂದಲೇ ಹುಟ್ಟಿದ ಮೊದಲ ಪೀಳಿಗೆಯ ನಕ್ಷತ್ರಗಳು ನಿಜವಾದ ಅರ್ಥದಲ್ಲಿ ಲೋಹಹೀನ, ಮತ್ತು ಅಂತಹ ಒಂದೂ ನಮ್ಮ ಆಕಾಶಗಂಗೆಯಲ್ಲಿ ಇದುವರೆಗೆ ಸಿಕ್ಕಿಲ್ಲ. ಸಿಗದಿರುವುದರ ಹೆಸರನ್ನು ಸಿಕ್ಕಿರುವುದಕ್ಕೆ ಕೊಟ್ಟುಬಿಟ್ಟರೆ ಹುಡುಕಾಟದ ಅರ್ಥವೇ ಓದುಗನಿಗೆ ತಿಳಿಯದು. ‘ಲೋಹದ ಕೊರತೆ’ಯೂ ನನಗೆ ಒಪ್ಪಿಗೆಯಿಲ್ಲ: ಇರಬೇಕಾದದ್ದು ಇಲ್ಲದಿರುವುದು ಕೊರತೆ, ಆದರೆ ಈ ನಕ್ಷತ್ರಗಳು ಹುಟ್ಟಿದ ಕಾಲದಲ್ಲಿ ಅನಿಲಕ್ಕೆ ಲೋಹ ಬೆರೆತದ್ದೇ ಅಷ್ಟು. ಆದ್ದರಿಂದ ನನ್ನ ಆಯ್ಕೆ ‘ಲೋಹವಿರಳ’: ಲೋಹ ಇದೆ, ಆದರೆ ವಿರಳವಾಗಿ ಇದೆ.

‘ಹೀನ’ದ ತಪ್ಪು ಎಷ್ಟು ದೊಡ್ಡದೆಂದು ತೋರಿಸಲು ಒಂದೇ ನಕ್ಷತ್ರ ಸಾಕು. ಆಸ್ಟ್ರೇಲಿಯಾದ ಸ್ಕೈಮ್ಯಾಪರ್ ದೂರದರ್ಶಕದ ಸಮೀಕ್ಷೆಯಿಂದ ಪತ್ತೆಯಾಗಿ 2014ರಲ್ಲಿ ಪ್ರಕಟವಾದ ಆ ನಕ್ಷತ್ರದ ರೋಹಿತದಲ್ಲಿ ಕಬ್ಬಿಣದ ಒಂದು ಗೆರೆಯೂ ಕಾಣಲಿಲ್ಲ, ಎಂದರೆ ಅದರ ಕಬ್ಬಿಣ ಸೂರ್ಯನದರ ಒಂದು ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೂ ಇಂಗಾಲ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಗೆರೆಗಳಿದ್ದವು. ಆ ಪ್ರಮಾಣಗಳಿಂದ ಸಂಶೋಧಕರು ಅದಕ್ಕೂ ಹಿಂದಿನ ಪೀಳಿಗೆಯನ್ನು ಊಹಿಸಿದರು: ಸೂರ್ಯನ ಸುಮಾರು 60 ಪಟ್ಟು ದ್ರವ್ಯರಾಶಿಯ ಒಂದು ಆದಿಮ ನಕ್ಷತ್ರ ಮಂದವಾಗಿ ಸಿಡಿದಿರಬೇಕು, ಅದರ ಕಬ್ಬಿಣವೆಲ್ಲ ಕಪ್ಪುಕುಳಿಯೊಳಗೆ ಕುಸಿದು ಹಗುರ ಧಾತುಗಳಷ್ಟೇ ಹೊರಗೆ ಚದುರಿರಬೇಕು.

ಸೂರ್ಯನಿಗಿಂತ ಸ್ವಲ್ಪ ಸಣ್ಣ ನಕ್ಷತ್ರ ಸಾವಿರದ ಮುನ್ನೂರು ಕೋಟಿ ವರ್ಷವೂ ಉರಿಯಬಲ್ಲದು, ಮತ್ತು ಅದರ ಹೊರಪದರದ ಅನಿಲ ಬಹುಮಟ್ಟಿಗೆ ಹುಟ್ಟಿದಾಗಿನಂತೆಯೇ ಉಳಿಯುತ್ತದೆ. ಆದ್ದರಿಂದಲೇ ಲೋಹವಿರಳ ನಕ್ಷತ್ರಗಳು ತಾವು ಹುಟ್ಟಿದ ಕಾಲಕ್ಕೆ ಸಾಕ್ಷಿ. ಆದರೆ ಲೋಹವಿರಳವಾದದ್ದೆಲ್ಲ ಅತಿ ಹಳೆಯದೆಂದು ಎಣಿಸಬಾರದು. ಸಣ್ಣ ಗೆಲಾಕ್ಸಿಗಳಲ್ಲಿ ಲೋಹ ನಿಧಾನವಾಗಿ ಕೂಡುವುದರಿಂದ ಅಲ್ಲಿ ತಡವಾಗಿ ಹುಟ್ಟಿದವೂ ಲೋಹವಿರಳವಾಗಿರುತ್ತವೆ. ಮೆಗ್ನೀಸಿಯಂ ದೈತ್ಯ ನಕ್ಷತ್ರಗಳ ಸ್ಫೋಟದಿಂದ ಬೇಗ ಬರುತ್ತದೆ, ಕಬ್ಬಿಣದ ದೊಡ್ಡ ಪಾಲು ಶ್ವೇತಕುಬ್ಜಗಳ, ಎಂದರೆ ಉರಿದು ಮುಗಿದ ನಕ್ಷತ್ರಗಳ ಉಳಿದ ತಿರುಳುಗಳ, ಸ್ಫೋಟದಿಂದ ತಡವಾಗಿ ಬರುತ್ತದೆ. ಎರಡರ ಅನುಪಾತ ನೋಡಿದರೆ ನಕ್ಷತ್ರದ ತವರು ಯಾವುದೆಂದು ಗುರುತಿಸಬಹುದು. ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಚಲನೆಗಳೊಂದಿಗೆ ಇಂತಹ ಅನುಪಾತಗಳನ್ನು ಸೇರಿಸಿ ನೋಡಿದಾಗಲೇ, ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ಮತ್ತೊಂದು ಗೆಲಾಕ್ಸಿಯನ್ನು ನುಂಗಿತೆಂಬುದು 2018ರಲ್ಲಿ ಸ್ಪಷ್ಟವಾಯಿತು. ನಮ್ಮವರೂ ಲಡಾಖಿನ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕದಿಂದ ಲೋಹವಿರಳ ನಕ್ಷತ್ರಗಳ ರೋಹಿತಗಳನ್ನು ಸಂಗ್ರಹಿಸಿದ್ದಾರೆ.

ಮಳೆಗಾಲ ಹಿಡಿಯುವ ಮುನ್ನ, ಮೇ ತಿಂಗಳ ಮೋಡವಿಲ್ಲದ ನಡುರಾತ್ರಿಯಲ್ಲಿ, ಪೇಟೆಯ ದೀಪಗಳಿಂದ ದೂರವಾಗಿ ಮುಳ್ಳಯ್ಯನಗಿರಿಯ ತಪ್ಪಲಿನಲ್ಲಿ ನಿಂತು ತುಲಾ ರಾಶಿಯ ಕಡೆಗೆ ಬೈನಾಕ್ಯುಲರ್ ಹಿಡಿದರೆ ಎಚ್‌ಡಿ 140283 ಎಂಬ ನಕ್ಷತ್ರ ಕಾಣಸಿಗುತ್ತದೆ. 1951ರಲ್ಲಿ, ಸೂರ್ಯನಿಗಿಂತ ಬಹಳ ಕಡಿಮೆ ಲೋಹವುಳ್ಳವೆಂದು ಮೊದಲು ಗುರುತಿಸಲಾದ ಎರಡು ನಕ್ಷತ್ರಗಳಲ್ಲಿ ಅದು ಒಂದು. ಅದರಲ್ಲಿಯೂ ಕಬ್ಬಿಣ ಇದೆ, ಸೂರ್ಯನಲ್ಲಿರುವುದರ ಸುಮಾರು ಇನ್ನೂರರಲ್ಲೊಂದು ಪಾಲಿನಷ್ಟು.