ಕೊಳವೆಯ ಹಾದಿಯಲ್ಲಿ ರಕ್ತಕ್ಕಿಳಿದ ಸೋಂಕು: ಐಸಿಯುನಲ್ಲಿ ಆಂಟಿಬಯೋಟಿಕ್‌ಗಳು ಸೋಲುತ್ತ ಬಂದದ್ದು ಹೇಗೆ?

ಆಸ್ಪತ್ರೆಗೆ ಸೇರಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ರಕ್ತದ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ತಗುಲಿದ್ದೆಂದು ಪರಿಗಣಿಸುತ್ತಾರೆ. ತೀವ್ರ ನಿಗಾ ಘಟಕದಲ್ಲಿ ಇಂಥ ಸೋಂಕು ಹೆಚ್ಚು. ಅಲ್ಲಿ ಸಿಗುವ ಬ್ಯಾಕ್ಟೀರಿಯಾ ಹಲವು ಔಷಧಗಳಿಗೆ ಬಗ್ಗದಿರುವುದೂ ಹೆಚ್ಚು. ಆಂಟಿಬಯೋಟಿಕ್ ಪ್ರತಿರೋಧದ ಚರಿತ್ರೆಯನ್ನು ಔಷಧಕ್ಕೂ ರೋಗಾಣುವಿಗೂ ನಡೆದ ಕಾದಾಟವೆಂದು ಹೇಳಿ ಮುಗಿಸುವುದು ರೂಢಿ. ಐಸಿಯು ಮಟ್ಟಿಗೆ ಅದು ಅರ್ಧ ಚರಿತ್ರೆ ಮಾತ್ರ. ಉಳಿದರ್ಧ ಇರುವುದು ರಕ್ತನಾಳದೊಳಗೆ ದಿನಗಟ್ಟಲೆ ಉಳಿಯುವ ಪ್ಲಾಸ್ಟಿಕ್ ಕೊಳವೆಯಲ್ಲಿ.

ಔಷಧವೂ ಕೊಳವೆಯೂ ಬೆಳೆದದ್ದು ಹೆಚ್ಚುಕಡಿಮೆ ಒಟ್ಟೊಟ್ಟಿಗೆ. ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದಿದ್ದ 1940ರಲ್ಲೇ ಅದನ್ನು ಒಡೆಯಬಲ್ಲ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿದೆ ಎಂದು ವಿಜ್ಞಾನಿಗಳಾದ ಏಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದರು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ರೋಗಿಗಳಿಗೆ ಕೈಯಿಂದಲೇ ಉಸಿರು ತುಂಬಿಸುವ ವ್ಯವಸ್ಥೆ ಕಟ್ಟಿದರು. ಇಂದಿನ ಐಸಿಯು ಬೆಳೆದದ್ದು ಅಲ್ಲಿಂದ. ಮರುವರ್ಷ ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್, ಸೂಜಿಯ ಮೂಲಕ ತಂತಿ ಇಳಿಸಿ ಅದರ ಮೇಲೆ ಕ್ಯಾಥೆಟರ್ ಎಂಬ ಕೊಳವೆಯನ್ನು ಜಾರಿಸುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳದೊಳಗೆ ಇಳಿಸುವ ಕೊಳವೆ, ಹಾಕುವುದು ಅದೇ ಕ್ರಮದಲ್ಲಿ. ಇತ್ತ ಆಸ್ಪತ್ರೆಗಳ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಪೆನಿಸಿಲಿನ್ನಿಗೆ ಸೊಪ್ಪು ಹಾಕದಂತಾಗಿತ್ತು. ಆ ಕಿಣ್ವಕ್ಕೆ ಸಿಗದ ಮೆಥಿಸಿಲಿನ್ 1959ರಲ್ಲಿ ಬಂತು. ಎರಡೇ ವರ್ಷದಲ್ಲಿ, 1961ರಲ್ಲಿ, ಅದಕ್ಕೂ ಬಗ್ಗದ ತಳಿ ಬ್ರಿಟನ್ನಿನಲ್ಲಿ ವರದಿಯಾಯಿತು. ಈ ತಳಿ ಔಷಧವನ್ನು ಒಡೆಯುತ್ತಿರಲಿಲ್ಲ. ಔಷಧ ಅಂಟಿಕೊಳ್ಳಬೇಕಾದ ಪ್ರೋಟೀನಿನ ಬದಲಿಗೆ ಬೇರೊಂದನ್ನು ತಯಾರಿಸಿಕೊಂಡಿತ್ತು.

ನಂತರದ ಸರದಿ ಕ್ಲೆಬ್ಸಿಯೆಲ್ಲಾ, ಇ. ಕೊಲಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳದು. ಅಪಾಯ ನಿಜವಾಗಿ ಗಾಢವಾದದ್ದು ಇಲ್ಲೇ. ಮೂರನೇ ತಲೆಮಾರಿನ ಸೆಫಲೋಸ್ಪೊರಿನ್ ಎಂಬ ಆಂಟಿಬಯೋಟಿಕ್‌ಗಳು ಆಸ್ಪತ್ರೆಗಳಲ್ಲಿ ಹರಡಿ ಹೆಚ್ಚು ಕಾಲವಾಗಿರಲಿಲ್ಲ, 1983ರಲ್ಲಿ ಅವನ್ನೂ ಒಡೆಯುವ ಇಎಸ್‌ಬಿಎಲ್ ಕಿಣ್ವಗಳು ಜರ್ಮನಿಯಲ್ಲಿ ವರದಿಯಾದವು. ಇವುಗಳ ಜೀನ್ ಕೂತಿರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ. ಒಂದು ಬ್ಯಾಕ್ಟೀರಿಯಾ ಪಕ್ಕದ ಇನ್ನೊಂದಕ್ಕೆ ಅದನ್ನು ದಾಟಿಸಬಲ್ಲದು, ಜಾತಿ ಬೇರೆಯಾದರೂ ಸರಿ. ಅದೇ ಉಂಗುರದಲ್ಲಿ ಅಮೈನೊಗ್ಲೈಕೊಸೈಡ್ ಮುಂತಾದ ಬೇರೆ ಔಷಧಗಳ ಪ್ರತಿರೋಧವೂ ಸೇರಿರುವುದುಂಟು. ಹಾಗಾಗಿ ಒಂದು ಔಷಧದ ಬಳಕೆ ಹೆಚ್ಚಿದರೆ ಇತರ ಔಷಧಗಳೂ ಕೈಬಿಟ್ಟುಹೋಗುತ್ತವೆ.

ಇಎಸ್‌ಬಿಎಲ್‌ಗೆ ಉತ್ತರವಾಗಿ ಎಲ್ಲರೂ ಹಿಡಿದದ್ದು ಕಾರ್ಬಪೆನೆಮ್ ಎಂಬ ಇನ್ನಷ್ಟು ಪ್ರಬಲ ಆಂಟಿಬಯೋಟಿಕ್‌ಗಳನ್ನು. ಅವನ್ನು ಒಡೆಯುವ ಕೆಪಿಸಿ ಕಿಣ್ವ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1996ರಲ್ಲಿ ಸಂಗ್ರಹಿಸಿದ ಕ್ಲೆಬ್ಸಿಯೆಲ್ಲಾದಲ್ಲಿ ಸಿಕ್ಕಿತು, ವರದಿ ಬಂದದ್ದು 2001ರಲ್ಲಿ. 2008ರಲ್ಲಿ, ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ ಅದೇ ಕೆಲಸ ಮಾಡುವ ಎನ್‌ಡಿಎಂ-1 ಕಿಣ್ವ ಕಂಡಿತು. ಆಗ ವೈದ್ಯರು ಮತ್ತೆ ಹೊರತೆಗೆದದ್ದು, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ದಶಕಗಳ ಹಿಂದೆ ಬದಿಗಿಟ್ಟಿದ್ದ ಕೊಲಿಸ್ಟಿನ್ ಎಂಬ ಹಳೆಯ ಔಷಧವನ್ನು. 2015ರಲ್ಲಿ ಚೀನಾದಿಂದ ಬಂದ ವರದಿ ಅದರ ಬುಡಕ್ಕೂ ಪೆಟ್ಟು ಕೊಟ್ಟಿತು. ಕೊಲಿಸ್ಟಿನ್ ಪ್ರತಿರೋಧದ ಎಂಸಿಆರ್-1 ಜೀನ್ ಪ್ಲಾಸ್ಮಿಡ್ ಏರಿ ಕುಳಿತಿತ್ತು, ಹಂದಿಗಳಲ್ಲೂ ಮಾಂಸದಲ್ಲೂ ರೋಗಿಗಳಲ್ಲೂ ಪತ್ತೆಯಾಗಿತ್ತು.

ಇವೆಲ್ಲ ರಕ್ತಕ್ಕೆ ಇಳಿಯುವುದು ಹೇಗೆ? ಶ್ವಾಸಕೋಶ, ಮೂತ್ರನಾಳ, ಕರುಳಿನ ಸೋಂಕುಗಳಿಂದಲೂ ಇಳಿಯುತ್ತವೆ. ಆದರೆ ನಾವೇ ತೆರೆದುಕೊಟ್ಟ ಬಾಗಿಲು ಸೆಂಟ್ರಲ್ ಲೈನ್. ಲೈನ್ ಹಾಕಿದ ಮೊದಲ ವಾರ, ಹತ್ತು ದಿನ, ಬ್ಯಾಕ್ಟೀರಿಯಾ ಹೆಚ್ಚಾಗಿ ಚರ್ಮದಿಂದ ಕೊಳವೆಯ ಹೊರಮೈ ಹಿಡಿದು ಒಳಗಿಳಿಯುತ್ತದೆ. ದಿನ ಕಳೆದಂತೆ ಸಿರಿಂಜ್ ಜೋಡಿಸುವ ಹಬ್ (ಕೊಳವೆಯ ಹೊರತುದಿ) ಮೂಲಕ ಕೊಳವೆಯ ಒಳಮೈಗೆ ಸೇರುವುದು ಹೆಚ್ಚುತ್ತದೆ. ಅಲ್ಲಿ ಅಂಟುಪೊರೆ ಕಟ್ಟಿಕೊಂಡು ಕೂತರೆ, ಲ್ಯಾಬ್ ವರದಿಯಲ್ಲಿ ಕೆಲಸ ಮಾಡುತ್ತದೆಂದು ಬಂದ ಔಷಧವೂ ಅದನ್ನು ಪೂರ್ತಿ ಕೊಲ್ಲಲಾರದು. ಔಷಧ ನಿಲ್ಲಿಸಿದ ಮೇಲೆ ಜ್ವರ ಮರಳುವುದಕ್ಕೆ ಎಷ್ಟೋ ಸಲ ಪ್ರತಿರೋಧ ಕಾರಣವಲ್ಲ, ತೆಗೆಯದೆ ಬಿಟ್ಟ ಲೈನ್ ಕಾರಣ.

2006ರಲ್ಲಿ ಪ್ರಕಟವಾದ ಮಿಷಿಗನ್‌ನ ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. 103 ಐಸಿಯುಗಳು ಪಾಲಿಸಿದ್ದು ಐದು ಸರಳ ಕ್ರಮ. ಕೈ ತೊಳೆಯುವುದು, ಲೈನ್ ಹಾಕುವಾಗ ಟೋಪಿ, ಮಾಸ್ಕ್, ಸ್ಟೆರೈಲ್ ಗೌನು, ಗ್ಲೌಸು ಧರಿಸಿ ರೋಗಿಯ ಮೈ ಪೂರ್ತಿ ಹೊದಿಸುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡೀನ್ ಎಂಬ ರೋಗಾಣುನಾಶಕ ಹಚ್ಚುವುದು, ಆದಷ್ಟು ತೊಡೆಸಂದಿಯ ರಕ್ತನಾಳ ತಪ್ಪಿಸುವುದು, ಬೇಡವಾದ ಲೈನನ್ನು ತೆಗೆದುಬಿಡುವುದು. ಕ್ರಮ ತಪ್ಪಿದರೆ ಕೆಲಸವನ್ನು ಅಲ್ಲೇ ನಿಲ್ಲಿಸುವ ಅಧಿಕಾರ ನರ್ಸ್‌ಗಳಿಗಿತ್ತು. 1,000 ಲೈನ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್ ದಿನ) 2.7 ಇದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ಇದಕ್ಕೆ ಹೊಸ ಔಷಧವೊಂದೂ ಬೇಕಾಗಲಿಲ್ಲ. ಆಗದ ಸೋಂಕಿಗೆ ಆಂಟಿಬಯೋಟಿಕ್ ಕೊಡಬೇಕಾಗಿಯೇ ಇಲ್ಲ, ಹಾಗಾಗಿ ಪ್ರತಿರೋಧದ ವಿರುದ್ಧ ಇದಕ್ಕಿಂತ ದೊಡ್ಡ ಹೆಜ್ಜೆ ನನಗೆ ಕಾಣುವುದಿಲ್ಲ.

ಕ್ರಮ ಕೆಡುವುದು ಸಣ್ಣ ಜಾಗಗಳಲ್ಲಿ. ಕ್ಲೋರ್‌ಹೆಕ್ಸಿಡೀನ್-ಆಲ್ಕೋಹಾಲ್ ದ್ರಾವಣವನ್ನು 30 ಸೆಕೆಂಡು ಉಜ್ಜಿ, ತಾನಾಗಿ ಒಣಗಲು ಬಿಡಬೇಕು. ಒದ್ದೆ ಇರುವಾಗಲೇ ಸೂಜಿ ಚುಚ್ಚಿದರೆ ಅಥವಾ ಗಾಜ್‌ನಿಂದ ಒರೆಸಿದರೆ ಹಚ್ಚಿದ್ದು ವ್ಯರ್ಥ. ಹಬ್ಬನ್ನು ಪ್ರತಿ ಸಲ ಮುಟ್ಟುವ ಮುನ್ನ ಉಜ್ಜಿ ಒಣಗಿಸಬೇಕು. ಪಾರದರ್ಶಕ ಡ್ರೆಸ್ಸಿಂಗ್ ಏಳು ದಿನಕ್ಕೊಮ್ಮೆ, ಗಾಜ್ ಎರಡು ದಿನಕ್ಕೊಮ್ಮೆ ಬದಲಾಗಬೇಕು. ಒದ್ದೆಯಾದರೆ, ಅಂಚು ಎದ್ದರೆ, ದಿನ ಎಣಿಸದೆ ಆ ಕ್ಷಣವೇ.

ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಬ್ಲಡ್ ಕಲ್ಚರಿನಲ್ಲಿ ಆಗುವ ತಪ್ಪುಗಳ ಬೆಲೆ ಇನ್ನೂ ಹೆಚ್ಚು. ದೊಡ್ಡವರಲ್ಲಿ ಸೋಂಕಿದ್ದರೂ ಒಂದು ಮಿ.ಲೀ. ರಕ್ತದಲ್ಲಿ ಒಂದು ಬ್ಯಾಕ್ಟೀರಿಯಾವೂ ಇಲ್ಲದಿರಬಹುದು. ಅದಕ್ಕೇ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ತುಂಬಿ, ಎರಡು ಬಾಟಲಿಗಳ ಕನಿಷ್ಠ ಎರಡು ಸೆಟ್ ತೆಗೆಯಬೇಕು, ಸಾಧ್ಯವಿದ್ದಷ್ಟೂ ಆಂಟಿಬಯೋಟಿಕ್‌ಗೆ ಮುಂಚೆ. ಮೂರು ಮಿ.ಲೀ. ಹಾಕಿ ಕಳಿಸಿದ ಬಾಟಲಿ ನೆಗೆಟಿವ್ ಬಂದರೆ ಅದನ್ನು ನಂಬುವಂತಿಲ್ಲ. ಬಾಟಲಿಯ ಮುಚ್ಚಳ ತೆಗೆದಾಗ ಕಾಣುವ ರಬ್ಬರ್ ಸ್ಟೆರೈಲ್ ಅಲ್ಲ, ಅದನ್ನೂ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಬೇಕು. ಇದನ್ನು ಬಿಟ್ಟರೆ ಚರ್ಮದ ಸ್ಟ್ಯಾಫಿಲೋಕಾಕಸ್ ಒಂದು ಬಾಟಲಿಯಲ್ಲಿ ಬೆಳೆಯುತ್ತದೆ, ಇಲ್ಲದ ಸೋಂಕಿಗೆ ವ್ಯಾಂಕೊಮೈಸಿನ್ ಶುರುವಾಗುತ್ತದೆ. ಲೈನಿನ ಮೇಲೆ ಅನುಮಾನವಿದ್ದರೆ ಲೈನಿನಿಂದಲೂ ಕೈಯ ರಕ್ತನಾಳದಿಂದಲೂ ಒಂದೇ ಹೊತ್ತಿಗೆ ಸಮ ಪ್ರಮಾಣದ ರಕ್ತ ತೆಗೆಯಬೇಕು. ಲೈನಿನ ಬಾಟಲಿ ಕೈಯ ರಕ್ತದ ಬಾಟಲಿಗಿಂತ ಕನಿಷ್ಠ 120 ನಿಮಿಷ ಮೊದಲು ಪಾಸಿಟಿವ್ ಆದರೆ ಸೋಂಕಿನ ಮೂಲ ಲೈನೇ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಲೈನಿನಿಂದ ಮಾತ್ರ ತೆಗೆದ ಕಲ್ಚರಿಗೆ ಈ ಹೋಲಿಕೆ ಸಾಧ್ಯವಿಲ್ಲ.

ಸೋಂಕಿನಿಂದ ರಕ್ತದೊತ್ತಡ ಕುಸಿದು ಸೆಪ್ಟಿಕ್ ಶಾಕ್ ಆದ ರೋಗಿಗೆ ವರದಿಗಾಗಿ ಕಾಯಲಾಗದು, ವಿಶಾಲ ವ್ಯಾಪ್ತಿಯ ಔಷಧ ತಕ್ಷಣ ಬೇಕು. ತೊಡಕು ನಂತರದ್ದು. ವರದಿ ಬಂದ ಮೇಲೆ ಔಷಧದ ವ್ಯಾಪ್ತಿಯನ್ನು ಕಿರಿದುಗೊಳಿಸಲು ಕೈ ಹಿಂಜರಿಯುತ್ತದೆ. ಕಿರಿದುಗೊಳಿಸುವುದಕ್ಕೂ ಮಿತಿಯಿದೆ. 2018ರ ಮೆರಿನೊ ಅಧ್ಯಯನದಲ್ಲಿ ಸೆಫ್‌ಟ್ರಿಯಾಕ್ಸೋನ್ ಎಂಬ ಸೆಫಲೋಸ್ಪೊರಿನ್‌ಗೆ ಬಗ್ಗದ ರಕ್ತದ ಸೋಂಕಿಗೆ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಕೊಟ್ಟವರಲ್ಲಿ ಶೇ 12.3ರಷ್ಟು ಮಂದಿ 30 ದಿನದೊಳಗೆ ಸತ್ತರು, ಮೆರೊಪೆನೆಮ್ ಎಂಬ ಕಾರ್ಬಪೆನೆಮ್ ಪಡೆದವರಲ್ಲಿ ಶೇ 3.7. ಎನ್‌ಡಿಎಂ ಇದ್ದಲ್ಲಿ ಮೆರೊಪೆನೆಮ್ಮೂ ನಿಲ್ಲದು. ಪೆನಿಸಿಲಿನ್ ಬಳಗದ ಔಷಧಗಳಲ್ಲಿ ಆ ಕಿಣ್ವಕ್ಕೆ ಅಜ್ಟ್ರಿಯೊನಾಮ್ ಒಂದನ್ನು ಒಡೆಯಲಾಗದು, ಆದರೆ ಅದೇ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಜೊತೆಗಿರುವ ಇಎಸ್‌ಬಿಎಲ್ ಅದನ್ನು ಒಡೆಯುತ್ತದೆ. ಅವಿಬ್ಯಾಕ್ಟಮ್ ಸೇರಿಸಿ ಆ ಎರಡನೆಯ ಕಿಣ್ವವನ್ನು ತಡೆಯುವುದು ಈಗಿನ ದಾರಿ.

ಎಷ್ಟು ದಿನ ಕೊಡಬೇಕೆಂಬುದಕ್ಕೆ ಗಟ್ಟಿ ಉತ್ತರ ಬಂದದ್ದು 2024ರಲ್ಲಿ. 3,608 ರೋಗಿಗಳ ಬ್ಯಾಲೆನ್ಸ್ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಐಸಿಯುನಲ್ಲಿದ್ದವರು. ಏಳು ದಿನದ ಚಿಕಿತ್ಸೆ 14 ದಿನದ್ದಕ್ಕಿಂತ ಕಡಿಮೆಯೇನಲ್ಲ ಎಂದು ಅದು ತೋರಿಸಿತು. ಸ್ಟ್ಯಾಫಿಲೋಕಾಕಸ್ ಆರಿಯಸ್ ಸೋಂಕಿನವರು, ಕೃತಕ ಹೃದಯ ಕವಾಟ ಇರುವವರು, ರೋಗನಿರೋಧಕ ಶಕ್ತಿ ತೀರಾ ಕುಂದಿದವರು ಆ ಅಧ್ಯಯನದಲ್ಲಿರಲಿಲ್ಲ. ಅವರಿಗೆ ಏಳು ದಿನದ ಲೆಕ್ಕ ಹಾಕುವಂತಿಲ್ಲ. ಆರಿಯಸ್ ಆದರೆ ಕನಿಷ್ಠ 14 ದಿನ, ಎಣಿಕೆ ಶುರುವಾಗುವುದು ಮೊದಲ ಡೋಸಿನಿಂದಲ್ಲ, ಕಲ್ಚರ್ ಮೊದಲ ಸಲ ನೆಗೆಟಿವ್ ಬಂದ ದಿನದಿಂದ.